ನಾಟ್ ಬ್ಯಾಡ್ ಅಂದ್ರೆ ನೂರಕ್ಕೆ ಎಷ್ಟು ಮಾರ್ಕ್ಸು?

ಇಂಗ್ಲಿಷ್ ಮಾತಾಡೋ ದೇಶಕ್ಕೆ ಹೊಸದಾಗಿ ಬಂದಿಳಿದ ನಮ್ಮೋರು ಸ್ಲ್ಯಾಂಗ್ ಅನ್ನೋ ಬೀದಿ ಮಾತಿನ ಬಗ್ಗೆ ಕೇಳೋ ಪ್ರಶ್ನೆ ಯಾವಾಗ್ಲೂ ಒಂದೇ ತರ ಇರುತ್ತೆ. ಸಿಕ್ ಅಂದ್ರೆ ಚೆನ್ನಾಗಿದೆ ಅಂತಾನಾ, ವಿಕೆಡ್ ಅಂದ್ರೆ ಬೈದಿದ್ದಾ ಹೊಗಳಿದ್ದಾ, ನನ್ನ ಪ್ರೆಸೆಂಟೇಶನ್ ಮುಗಿದ್ಮೇಲೆ ಯಾರೋ ಯೂ ಕಿಲ್ಡ್ ಇಟ್ ಅಂದ್ರು ಅದು ಒಳ್ಳೇದೇ ತಾನೆ, ಇಂಥದ್ದಕ್ಕೆಲ್ಲ ಒಂದು ಪಟ್ಟಿ ಇದ್ರೆ ಕೊಡಿ ಬಾಯಿಪಾಠ ಹೊಡ್ಕೊಂಡ್ಬಿಡ್ತೀವಿ ಅಂತಾರೆ. ಇಂಗ್ಲೆಂಡಲ್ಲಿ ಇಷ್ಟು ವರ್ಷ ಇದ್ದು ನನಗೆ ಅನ್ಸಿರೋದು ಏನಂದ್ರೆ ಆ ಪಟ್ಟಿಯಿಂದ ಏನೂ ಉಪಯೋಗ ಇಲ್ಲ. ಕೆಟ್ಟ ಪದ ಹಾಕಿ ಒಳ್ಳೇದು ಹೇಳೋದು ಕನ್ನಡದವರಿಗೆ ಕಷ್ಟದ ವಿಷಯಾನೇ ಅಲ್ಲ, ನಾವು ಅದ್ರಲ್ಲೇ ಬೆಳೆದೋರು. ನಮ್ಮನ್ನ ನಿಜವಾಗ್ಲೂ ಎಡವಿ ಬೀಳ್ಸೋದು ಸಪ್ಪೆ ಪದಗಳು. ನಾಟ್ ಬ್ಯಾಡ್, ಕ್ವೈಟ್ ಗುಡ್, ಗ್ರ್ಯಾಂಡ್, ಇಂಟರೆಸ್ಟಿಂಗ್, ಇವುಗಳ ಅರ್ಥ ಗೊತ್ತು ಅಂದ್ಕೊಂಡಿರ್ತೀವಲ್ಲ, ಅದೇ ತೊಂದ್ರೆ.

ಮೊದಲು ಜೋರು ಪದಗಳನ್ನ ನೋಡೋಣ. ಟೆರಿಫಿಕ್ ಅನ್ನೋದರ ಬೇರು ಲ್ಯಾಟಿನ್ನಲ್ಲಿ ಹೆದರಿಸೋದು ಅಂತ, ಮೊದಮೊದಲು ಇಂಗ್ಲಿಷಲ್ಲೂ ಭಯ ಹುಟ್ಟಿಸೋ ವಸ್ತುಗೇ ಹಂಗಂತಿದ್ರು, ಆಮೇಲೆ ಅದು ಅದ್ಭುತ ಅಂತ ಆಯ್ತು. ಇದನ್ನ ಕೇಳಿ ಆಶ್ಚರ್ಯ ಪಡೋರಿಗೆ ನಾನು ಕೇಳೋದು, ನೀವು ಭಯಂಕರ ಚೆನ್ನಾಗಿದೆ ಅಂತ ಯಾವತ್ತೂ ಹೇಳೇ ಇಲ್ವಾ? ಅಲ್ಲಿ ಭಯ ಎಲ್ಲಿಂದ ಬಂತು? ಈಗಿನ ಹುಡುಗ್ರು ಹಾಡು ಕೇಳಿ ದಟ್ಸ್ ಫೈರ್ ಅಂತಾರೆ, ನಮ್ಮ ಹುಡುಗ್ರು ಬೆಂಕಿ ಗುರು ಅಂತಾರೆ, ಯಾರು ಯಾರಿಂದ ತಗೊಂಡ್ರೋ ಏನೋ ಎರಡು ಕಡೆನೂ ಉರೀತಾನೇ ಇದೆ. ಗಿಟಾರ್ ಚೆನ್ನಾಗಿ ಬಾರಿಸೋನಿಗೆ ಹಿ ಷ್ರೆಡ್ಸ್ ಅಂದ್ರೆ ನಮ್ಮಲ್ಲಿ ಚಿಂದಿ ಮಾಡ್ದ ಅಂತೀವಿ, ಎರಡರಲ್ಲೂ ಪಾಪ ಆ ವಾದ್ಯ ಹರಿದು ಚೂರಾಗಿರೋ ಹಂಗೇ ಇದೆ. ಆಟಗಾರನಿಗೆ ಬೀಸ್ಟ್ ಅಂತಾರೆ, ನಾವು ರಾಕ್ಷಸ ಕಣೋ ಅವ್ನು ಅಂತೀವಿ. ಖತರ್ನಾಕ್ ಅನ್ನೋದಂತೂ ಅಪಾಯ ಅಂತಲೇ ಇದ್ದ ಪದ, ಅದನ್ನ ನಾವು ಐಡಿಯಾಗೂ ಹಾಕ್ತೀವಿ ಬೌಲಿಂಗಿಗೂ ಹಾಕ್ತೀವಿ. ಬುದ್ಧಿವಂತ ಗೆಳೆಯನಿಗೆ ಕಳ್ ನನ್ಮಗ ಅನ್ನೋವಾಗ ಇರೋ ಪ್ರೀತಿ ನೀವು ಬಹಳ ಬುದ್ಧಿವಂತರು ಅನ್ನೋದ್ರಲ್ಲಿ ಬರುತ್ತಾ ಹೇಳಿ.

ಇಷ್ಟೇ ಯಾಕೆ, ಬೈಗುಳದ ವೇಷದಲ್ಲಿ ಹೊಗಳೋದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಅಂತ ಹೆಸರೇ ಇಟ್ಟಿದಾರೆ, ಹೊಗಳಿಕೆ ವೇಷದಲ್ಲಿ ಬೈಯೋದೂ ಅದರೊಳಗೇ ಬರುತ್ತೆ. ಹರಿದಾಸರು ದೇವರನ್ನೇ ನಿಂದಾಸ್ತುತಿ ಮಾಡಿ ನಿನಗೆ ಮನೆ ಇಲ್ಲ ಮಠ ಇಲ್ಲ ನೀನು ಕದ್ದು ತಿನ್ನೋನು ಅನ್ನೋ ಧಾಟೀಲಿ ಹಾಡಿದ್ರು, ಕೇಳಿದ ಯಾವ ಅಜ್ಜಿಗೂ ಗೊಂದಲ ಆಗ್ಲಿಲ್ಲ. ಅಂಥಾ ಜನ ಸಿಕ್ ಅನ್ನೋ ಒಂದು ಪದದ ಮುಂದೆ ಗರಬಡಿದೋರ ತರ ಯಾಕ್ ನಿಲ್ತೀವಿ?

ನನ್ನ ಲೆಕ್ಕದಲ್ಲಿ ಕಾರಣ ನಾವು ಇಂಗ್ಲಿಷ್ ಕಲಿತ ರೀತಿ. ಗುಡ್ಡಿಗೆ ವಿರುದ್ಧ ಪದ ಬ್ಯಾಡ್, ಸಿಕ್ಕಿಗೆ ವಿರುದ್ಧ ಹೆಲ್ದಿ, ಒಂದೊಂದಕ್ಕೆ ಒಂದೊಂದು ಮಾರ್ಕು. ಪದ ಒಂದು ಕಡೆ ಅರ್ಥ ಒಂದು ಕಡೆ ಮಧ್ಯ ಗೆರೆ ಎಳೆದು ಹೊಂದಿಸಿ ಬರೆಯಿರಿ. ಮನುಷ್ಯರ ಬಾಯಿಂದ ಕೇಳಿ ಬಂದ ಭಾಷೆ ಅಲ್ವಲ್ಲ ಅದು, ಹಾಗಾಗಿ ಕನ್ನಡ ಕೇಳೋವಾಗ ಮಾತಾಡ್ತಿರೋನ ಮುಖ, ದನಿ, ಸಲಿಗೆ ಎಲ್ಲಾ ಲೆಕ್ಕ ಹಾಕೋ ಅದೇ ಕಿವಿ ಇಂಗ್ಲಿಷ್ ಬಂದ ತಕ್ಷಣ ಡಿಕ್ಷನರಿ ಹುಡುಕೋಕೆ ಓಡುತ್ತೆ. ನಾನು ಹೇಳೋದು ಇಂಗ್ಲಿಷನ್ನೂ ಕನ್ನಡದ ಕಿವೀಲೇ ಕೇಳಿ ಅಂತ.

ಡಿಕ್ಷನರಿಗಳು ತಪ್ಪು ಅಂತಲ್ಲ. ಜೊನಾಥನ್ ಗ್ರೀನ್ ಅನ್ನೋರು 2010ರಲ್ಲಿ ಮೂರು ಸಂಪುಟದ ಸ್ಲ್ಯಾಂಗ್ ನಿಘಂಟೇ ತಂದಿದಾರೆ, ಒಂದೊಂದು ಪದ ಯಾವ ಇಸವೀಲಿ ಯಾರ ಬಾಯಲ್ಲಿತ್ತು ಅಂತ ಹುಡುಕಿ ಹಾಕಿದಾರೆ, 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿ ಇದೆ ಅದ್ರಲ್ಲಿ ಯಾರು ಬೇಕಾದ್ರೂ ಏನ್ ಬೇಕಾದ್ರೂ ಬರೀಬಹುದು, ಅರ್ಧ ತಮಾಷೆ ಅರ್ಧ ಪೋಲಿತನ. ಪತ್ರಿಕೇಲಿ ಓದುಗರು ಕೇಳಿದ ಪದಕ್ಕೆಲ್ಲ ವಾರವಾರ ತಾಳ್ಮೆಯಿಂದ ಉತ್ತರ ಬರೀತಿದ್ದ ಜಿ. ವೆಂಕಟಸುಬ್ಬಯ್ಯನವರ ತರದೋರು ಇಂಗ್ಲಿಷ್ ಸ್ಲ್ಯಾಂಗಿಗೂ ಒಬ್ರು ಇದ್ದಿದ್ರೆ ಅಂತ ನನಗೆ ಎಷ್ಟೋ ಸಲ ಅನ್ಸಿದೆ. ಆದ್ರೆ ಅರ್ಥ ಸಿಕ್ಕಿದ್ರೂ ಅಳತೆ ಸಿಗಲ್ಲ, ಎಷ್ಟು ಹೊಗಳಿದ್ರು ಅನ್ನೋದನ್ನ ಯಾವ ನಿಘಂಟೂ ಹೇಳಲ್ಲ.

ಒಂದು ವಿಷಯದಲ್ಲಿ ಮಾತ್ರ ಜೋರು ಪದಗಳೂ ನಮಗೆ ಕೈ ಕೊಡ್ತವೆ, ಅದು ದಿ ಅನ್ನೋ ಪುಟಾಣಿ ಪದ. ಕನ್ನಡದಲ್ಲಿ ಅಂಥದ್ದೊಂದು ಇಲ್ವೇ ಇಲ್ಲ ಹಾಗಾಗಿ ನಾವು ಇಂಗ್ಲಿಷ್ ಮಾತಾಡೋವಾಗ ಅದನ್ನ ನುಂಗ್ತೀವಿ, ಸಾಮಾನ್ಯ ಮಾತಲ್ಲಿ ಅದ್ರಿಂದ ಏನೂ ಮುಳುಗಿ ಹೋಗಲ್ಲ. ಆದ್ರೆ ಅಮೆರಿಕದ ಸ್ಲ್ಯಾಂಗಲ್ಲಿ ಯೂ ಆರ್ ದಿ ಷಿಟ್ ಅಂದ್ರೆ ನಿನ್ನಂಥೋನು ಇನ್ನೊಬ್ಬ ಇಲ್ಲ ಅಂತ, ದಿ ತೆಗೆದು ಅದನ್ನೇ ಹೇಳಿ ನೋಡಿ ಏನಾಗುತ್ತೆ ಅಂತ. ಬ್ರಿಟನ್ನಲ್ಲಿ ಬಾಲಕ್ಸ್, ಅಕ್ಷರಶಃ ವೃಷಣ, ಅಂದ್ರೆ ಬರೀ ಬೊಗಳೆ, ಅದೇ ದಿ ಡಾಗ್ಸ್ ಬಾಲಕ್ಸ್ ಅಂದ್ರೆ ಇದಕ್ಕಿಂತ ಮೇಲೆ ಇನ್ನೊಂದಿಲ್ಲ ಅನ್ನೋ ಲೆವೆಲ್ಲು, ನಾಯಿಯ ಆ ಭಾಗ ಯಾಕೆ ಅಷ್ಟು ಶ್ರೇಷ್ಠ ಆಯ್ತು ಅಂತ ನನ್ನನ್ನ ಕೇಳ್ಬೇಡಿ. 1920ರ ದಶಕದಲ್ಲಿ ಅಮೆರಿಕನ್ನರಿಗೆ ಇಂಥದ್ದೊಂದು ಹುಚ್ಚೇ ಹಿಡಿದಿತ್ತು, ಚೆನ್ನಾಗಿರೋದಕ್ಕೆಲ್ಲ ಜೇನುನೊಣದ ಮೊಣಕಾಲು, ಬೆಕ್ಕಿನ ಪೈಜಾಮ, ಬೆಕ್ಕಿನ ಮೀಸೆ ಅಂತಿದ್ರು, ಅದ್ರಲ್ಲಿ ಜೇನುನೊಣದ ಮೊಣಕಾಲು ಇವತ್ತಿಗೂ ವಯಸ್ಸಾದೋರ ಬಾಯಲ್ಲಿ ಉಳ್ಕೊಂಡಿದೆ. ಇನ್ನು ಬಾಂಬು. ದಿ ಬಾಂಬ್ ಅಂದ್ರೆ ಅಮೆರಿಕದಲ್ಲಿ ಸೂಪರ್, ಇಟ್ ಬಾಂಬ್ಡ್ ಅಂದ್ರೆ ತೋಪಾಯ್ತು, ವೆಂಟ್ ಲೈಕ್ ಎ ಬಾಂಬ್ ಅಂತ ಬ್ರಿಟಿಷರು ಅಂದ್ರೆ ಮತ್ತೆ ಭರ್ಜರಿ ಯಶಸ್ಸು. ಒಂದೇ ಬಾಂಬು ಮೂರು ಕಡೆ ಮೂರು ತರ ಸಿಡಿಯುತ್ತೆ.

ಕ್ರಿಕೆಟ್ ಗೊತ್ತಿರೋರಿಗೆ ಇನ್ನೊಂದು ಗುಂಡಿ ಇದೆ. ಬೇಸ್‌ಬಾಲಿಂದ ಬಂದ ನಾಕ್ಡ್ ಇಟ್ ಔಟ್ ಆಫ್ ದಿ ಪಾರ್ಕ್ ಅನ್ನೋದು ಹೊಗಳಿಕೆ, ಚೆಂಡು ಮೈದಾನದ ಆಚೆ ಹೋಗೋ ಹಂಗೆ ಬಾರಿಸಿದ್ರು ಅಂತ. ಅದನ್ನ ಕೇಳಿದ ನಾವು ಸಹಜವಾಗಿ ಹಂಗಾದ್ರೆ ಸಿಕ್ಸರೂ ಹೊಗಳಿಕೆನೇ ಇರ್ಬೇಕು, ನಮ್ಮಲ್ಲೂ ಸಿಕ್ಸರ್ ಹೊಡ್ದ ಅಂತೀವಲ್ಲ ಅಂದ್ಕೋತೀವಿ. ಆದ್ರೆ ಇಲ್ಲಿ ಇಂಗ್ಲೆಂಡಲ್ಲಿ ಇಟ್ ನಾಕ್ಡ್ ಮಿ ಫಾರ್ ಸಿಕ್ಸ್ ಅಂದ್ರೆ ಆ ಸುದ್ದಿ ಕೇಳಿ ನಾನು ಕುಸಿದು ಹೋದೆ ಅಂತ ಅರ್ಥ, ಯಾಕಂದ್ರೆ ಅಲ್ಲಿ ಮಾತಾಡ್ತಿರೋನು ಬ್ಯಾಟ್ಸ್‌ಮನ್ ಅಲ್ಲ ಚೆಂಡು. ಗೋಟ್ ಕತೆನೂ ಹಂಗೇ ತಿರುವು ಮುರುವು. ಗ್ರೇಟೆಸ್ಟ್ ಆಫ್ ಆಲ್ ಟೈಮ್ ಅನ್ನೋದ್ರ ಮೊದಲಕ್ಷರ ಅದು ಅಂತ ಈಗ ಎಲ್ರಿಗೂ ಗೊತ್ತು, ಮುಹಮ್ಮದ್ ಅಲಿ ತನ್ನನ್ನ ತಾನೇ ದಿ ಗ್ರೇಟೆಸ್ಟ್ ಅಂತ ಕರ್ಕೋತಿದ್ದ, ಅವನ ಹೆಂಡತಿ ಲಾನಿ ಅಲಿ 1992ರಲ್ಲಿ ಆ ನಾಲ್ಕು ಅಕ್ಷರದ ಹೆಸರಲ್ಲೇ ಕಂಪನಿ ಶುರು ಮಾಡಿದ್ರು. ಆದ್ರೆ ಅದಕ್ಕೂ ಮುಂಚೆ ಅಮೆರಿಕದ ಕ್ರೀಡಾ ವರದಿಗಳಲ್ಲಿ ಗೋಟ್ ಅಂದ್ರೆ ತಂಡ ಸೋಲೋಕೆ ಕಾರಣ ಆದೋನು, ಎಲ್ರ ಪಾಪ ಹೊತ್ತ ಬಲಿಪಶು. ಹಳೇ ಪೇಪರ್ ಓದೋ ಕನ್ನಡಿಗ ಇದ್ರೆ ಯಾವ ಕಾಲದ ಮೇಕೆ ಅಂತ ನೋಡ್ಕೊಂಡು ಓದ್ಬೇಕು.

ಈ ಪದಗಳು ಎಲ್ಲಿಂದ ಬಂದ್ವು ಅನ್ನೋದನ್ನೂ ಸ್ವಲ್ಪ ತಿಳ್ಕೊಂಡ್ರೆ ಒಳ್ಳೇದು. ಬ್ಯಾಡ್ ಅಂದ್ರೆ ಒಳ್ಳೇದು ಅನ್ನೋದು, ಮೆಚ್ಚಿದಾಗ ಹೇಳೋ ಡೋಪ್, ಫ್ಲೈ, ಕೂಲ್, ಇವೆಲ್ಲ ಅಮೆರಿಕದ ಕಪ್ಪು ಜನರ ಮಾತಿಂದ ಬಂದದ್ದು. ಕೂಲ್ ಪದ ಈ ಅರ್ಥದಲ್ಲಿ ಹರಡೋಕೆ ಸ್ಯಾಕ್ಸೊಫೋನ್ ಬಾರಿಸ್ತಿದ್ದ ಲೆಸ್ಟರ್ ಯಂಗ್ ದೊಡ್ಡ ಕಾರಣ ಅಂತ ಹೇಳ್ತಾರೆ. ಈಗ ಶಾಲೆ ಮಕ್ಕಳೂ ಹೇಳೋ ಸ್ಲೇ, ಸರ್ವ್, ಅವಳು ಏಟ್ ಅಂತ ಬರೀ ತಿಂದಳು ಅಂದ್ರೆ ಕೆಲ್ಸ ಅದ್ಭುತವಾಗಿ ಮಾಡಿದ್ಳು ಅನ್ನೋದು, ಇವೆಲ್ಲ ನ್ಯೂಯಾರ್ಕಿನ ಬಾಲ್‌ರೂಮ್ ಕೂಟಗಳಲ್ಲಿ ಬೆಳೆದದ್ದು, ಮನೆಯವರೇ ಹೊರಗೆ ಹಾಕಿದ ಕಪ್ಪು ಮತ್ತು ಲ್ಯಾಟಿನೋ ಗೇ, ಟ್ರಾನ್ಸ್ ಹುಡುಗ ಹುಡುಗೀರು ವೇಷ ಹಾಕ್ಕೊಂಡು ಸ್ಪರ್ಧೆ ಮಾಡ್ತಿದ್ದ ಜಾಗ ಅದು. ಜಗತ್ತು ಒಂದು ಮಾತೂ ಹೊಗಳದೆ ಇದ್ದ ಜನ ತಮ್ಮನ್ನ ತಾವೇ ಹೊಗಳ್ಕೊಳೋಕೆ ಕಟ್ಟಿದ ಪದಗಳನ್ನ ಈಗ ಶಾಂಪೂ ಜಾಹೀರಾತಲ್ಲಿ ಹಾಕ್ತಾರೆ. ನನಗಂತೂ ಆ ಪದಗಳ ಮೇಲೆ ಗೌರವ ಇದೆ, ಅದಕ್ಕೇ ಆಫೀಸ್ ಮೀಟಿಂಗಲ್ಲಿ ಅವನ್ನ ಬಳಸೋ ನಡುವಯಸ್ಸಿನ ಮ್ಯಾನೇಜರ್‌ಗಳನ್ನ ಕಂಡ್ರೆ ಕಿರಿಕಿರಿ ಆಗುತ್ತೆ. ಇಂಥ ಪದ ದೊಡ್ಡೋರ ಬಾಯಿಗೆ ಬಂತು ಅಂದ್ರೆ ಸಣ್ಣೋರು ಅದನ್ನ ಬಿಟ್ಟು ಮುಂದೆ ಹೋಗಿರ್ತಾರೆ, 2023ರಲ್ಲಿ ಆಕ್ಸ್‌ಫರ್ಡಿನವರು ರಿಜ್ ಅನ್ನೋದನ್ನ ವರ್ಷದ ಪದ ಅಂತ ಘೋಷಣೆ ಮಾಡಿದ್ರು, ಮಾತಾಡಿ ಮರುಳು ಮಾಡೋ ತಾಕತ್ತು ಅಂತ ಅದರರ್ಥ, ಆ ಸುದ್ದಿ ಅಪ್ಪ ಅಮ್ಮಂದಿರಿಗೆ ಮುಟ್ಟಿದ ದಿನವೇ ಆ ಪದದ ಮರ್ಯಾದೆ ಅರ್ಧ ಹೋಗಿರುತ್ತೆ. ಕಲಿಯೋರು ಇವೆಲ್ಲ ಅರ್ಥ ಮಾಡ್ಕೊಂಡ್ರೆ ಸಾಕು, ಹೇಳೋಕೆ ಹೋಗ್ಬಾರ್ದು. ಕನ್ನಡ ಕಲ್ತ ಹೊರಗಿನೋನು ಮೊದಲ ಭೇಟೀಲೇ ಏನ್ ಮಗಾ ಬೆಂಕಿ ಅಂದ್ರೆ ನಮಗೆ ಹೆಂಗಾಗುತ್ತೋ ಇದೂ ಹಂಗೇ.

ಸರಿ ಈಗ ಸಪ್ಪೆ ಪದಗಳಿಗೆ ಬರ್ತೀನಿ, ನನ್ನ ಅಸಲಿ ವಿಷಯ ಇದು. ಬ್ರಿಟಿಷ್ ಮನುಷ್ಯ ನಿಮ್ಮ ಕೆಲ್ಸ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ದು ನಾಟ್ ಬ್ಯಾಡ್ ಅಂತಾನೆ. ಹೊಸಬರು ಮುಖ ಸಣ್ಣ ಮಾಡ್ಕೋತಾರೆ, ಮೂವತ್ತೈದಕ್ಕೆ ಪಾಸಾದೆ ಅನ್ನೋ ಹಂಗೆ. ಅದೇ ಮನುಷ್ಯ ಇನ್ನೊಬ್ರ ಕೆಲ್ಸಕ್ಕೆ ಕ್ವೈಟ್ ಗುಡ್ ಅಂದಾಗ ನೋಡಪ್ಪಾ ಅವನಿಗೆ ಗುಡ್ ನನಗೆ ಬರೀ ನಾಟ್ ಬ್ಯಾಡು ಅಂತ ಕೊರಗ್ತಾರೆ. ನಿಜ ಏನಂದ್ರೆ ಬಹಳ ಸಲ ಅದು ಉಲ್ಟಾ. ಅಮೆರಿಕದವರು ಕ್ವೈಟ್ ಗುಡ್ ಅಂದ್ರೆ ತುಂಬಾ ಚೆನ್ನಾಗಿದೆ ಅಂತ, ಬ್ರಿಟಿಷರು ಆ ಕ್ವೈಟನ್ನ ಒತ್ತಿ ಹೇಳಿದ್ರೆ ಏನೋ ತಕ್ಕಮಟ್ಟಿಗಿದೆ ಇನ್ನೂ ಚೆನ್ನಾಗಿರುತ್ತೆ ಅಂದ್ಕೊಂಡಿದ್ದೆ ಅಂತ. ನಾಟ್ ಬ್ಯಾಡ್ ಅಟ್ ಆಲ್ ಅಂದ್ರೋ, ಆ ದಿನ ನಿಮ್ಮದು. ವೆರಿ ಇಂಟರೆಸ್ಟಿಂಗ್ ಅಂದ್ರೆ ಮಾತ್ರ ಖುಷಿ ಪಡೋಕೆ ಮುಂಚೆ ಸ್ವಲ್ಪ ಯೋಚನೆ ಮಾಡಿ, ಎಷ್ಟೋ ಸಲ ಅದು ಮುಂದಿನ ವಿಷಯಕ್ಕೆ ಹೋಗೋಣ ಅನ್ನೋದ್ರ ಮರ್ಯಾದಸ್ಥ ರೂಪ.

ಇದು ಬರೀ ಹೊರಗಿನೋರ ತಾಪತ್ರಯ ಅಂದ್ಕೊಳ್ಬೇಡಿ. 1951ರ ಏಪ್ರಿಲಲ್ಲಿ ಕೊರಿಯಾ ಯುದ್ಧದಲ್ಲಿ ಇಮ್ಜಿನ್ ನದಿ ಹತ್ರ ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಜನರಲ್‌ಗೆ ಇಲ್ಲಿ ಪರಿಸ್ಥಿತಿ ಎ ಬಿಟ್ ಸ್ಟಿಕಿ ಅಂತ ತಿಳಿಸಿದ, ಸ್ವಲ್ಪ ಇಕ್ಕಟ್ಟಾಗಿದೆ ಅನ್ನೋ ಹಂಗೆ. ಬ್ರಿಟಿಷ್ ಕಿವಿಗೆ ಅದು ನಾವು ಮುಗಿದ್ವಿ ಅನ್ನೋ ಕೂಗು, ಅಮೆರಿಕನ್ ಜನರಲ್‌ಗೆ ಹೆಂಗೋ ನಿಭಾಯಿಸ್ತಿದಾರೆ ಅನ್ನಿಸ್ತು. ಆ ಬ್ರಿಗೇಡಿಯರ್ ಕೈಕೆಳಗಿದ್ದ ಗ್ಲಾಸ್ಟರ್ಶೈರ್ ರೆಜಿಮೆಂಟಿನ ಬೆಟಾಲಿಯನ್ನಲ್ಲಿ ಬಹುಪಾಲು ಜನ ಸತ್ರು ಇಲ್ಲಾ ಚೀನೀ ಸೈನ್ಯದ ಕೈಗೆ ಸೆರೆ ಸಿಕ್ರು. ಹೊಗಳಿಕೆ ಕತೆ ಅಲ್ಲ ಇದು, ಆದ್ರೆ ದನಿ ತಗ್ಗಿಸಿ ಹೇಳೋ ಅದೇ ಅಭ್ಯಾಸ. ಹುಟ್ಟಿದಾಗಿಂದ ಇಂಗ್ಲಿಷ್ ಮಾತಾಡೋ ಇಬ್ರ ಮಧ್ಯನೇ ಅಳತೆ ಹೀಗೆ ತಪ್ಪುತ್ತೆ ಅಂದ್ಮೇಲೆ ನಾವು ಅಂಜೋದೇನೂ ಇಲ್ಲ.

ಅಲ್ಲದೆ ಇದಕ್ಕೂ ನಮ್ಮ ಹತ್ರ ಸಾಮಾನು ಇದೆ. ಪರವಾಗಿಲ್ಲ ಅನ್ನೋದನ್ನೇ ತಗೊಳ್ಳಿ. ರಾಗ ಎಳೆದು ಪರ್ವಾಗಿಲ್ಲಾ ಅಂದ್ರೆ ಸುಮಾರು, ಹುಬ್ಬು ಮೇಲೆ ಮಾಡಿ ಪರವಾಗಿಲ್ವೇ ಅಂದ್ರೆ ನೀನು ಇಷ್ಟು ಮಾಡ್ತೀಯ ಅಂತ ಅಂದ್ಕೊಂಡೇ ಇರ್ಲಿಲ್ಲ ಶಭಾಷ್ ಅಂತ. ನೀನೇನು ಕಮ್ಮಿ ಇಲ್ಲ ಕಣೋ, ತೆಗೆದುಹಾಕೋ ಹಂಗಿಲ್ಲ ಬಿಡಪ್ಪ, ಇವೆಲ್ಲ ನಾಟ್ ಬ್ಯಾಡಿನ ಸ್ವಂತ ಅಣ್ಣತಮ್ಮಂದಿರು, ಇಲ್ಲ ಇಲ್ಲ ಅಂತಲೇ ಇದೆ ಅನ್ನೋದು. ಕಮ್ಮಿ ಮಾತಾಡೋ ಹಿರಿಯರ ಬಾಯಿಂದ ಒಂದು ಪರವಾಗಿಲ್ವೇ ಬಂದ್ರೆ ಗೆಳೆಯರ ಹತ್ತು ಸೂಪರ್‌ಗೆ ಸಮ. ಇಂಗ್ಲೆಂಡಿನ ನಾಟ್ ಬ್ಯಾಡ್ ಕೇಳೋವಾಗ ಆ ಹಿರಿಯರನ್ನ ನೆನಪಿಸಿಕೊಂಡ್ರೆ ಅರ್ಧ ಕೆಲ್ಸ ಆಯ್ತು.

ಒಂದು ವ್ಯತ್ಯಾಸ ಇದೆ ಆದ್ರೆ, ಅದನ್ನ ಹೇಳ್ಲೇಬೇಕು. ನಮ್ಮಲ್ಲಿ ಹೊಗಳಿಕೆ ಜೋರಾ ಮೆಲ್ಲಗಾ ಅನ್ನೋದನ್ನ ತೀರ್ಮಾನ ಮಾಡೋದು ಸಂಬಂಧ. ಗೆಳೆಯನಿಗೆ ಬೈಗುಳ, ಅಪರಿಚಿತರಿಗೆ ಚೆನ್ನಾಗಿತ್ತು ಸರ್, ಮನೆಯೋರಿಗೆ ಎದುರಿಗೆ ಏನೂ ಇಲ್ಲ, ಬೇರೆಯೋರ ಹತ್ರ ಮಾತ್ರ ನಮ್ಮ ಹುಡುಗಿ ಏನ್ ಚೆನ್ನಾಗಿ ಮಾಡಿದ್ಳು ಗೊತ್ತಾ ಅಂತ. ಇಂಗ್ಲಿಷಲ್ಲಿ ಅದು ಜಾಗದ ಮೇಲೆ ಹೋಗುತ್ತೆ. ಅಮೆರಿಕದಲ್ಲಿ ಒಂದು ಫೈಲ್ ಕಳಿಸಿದ್ರೂ ಆಸಮ್, ಎರಡು ಕಳಿಸಿದ್ರೆ ಅಮೇಜಿಂಗ್, ಅಲ್ಲಿ ಬರೀ ಗುಡ್ ಅಂದ್ರೆ ಏನೋ ಕಮ್ಮಿ ಆಗಿದೆ ಅಂತ ಲೆಕ್ಕ. ಬ್ರಿಟನ್ನಲ್ಲಿ, ಆಸ್ಟ್ರೇಲಿಯಾದಲ್ಲಿ ದೊಡ್ಡ ಪದಗಳು ಸಣ್ಣ ಉಪಕಾರಕ್ಕೆ ಮೀಸಲು, ಬಾಗಿಲು ಹಿಡ್ಕೊಂಡು ನಿಂತೋನು ಲೆಜೆಂಡ್ ಆಗ್ತಾನೆ, ಪೆನ್ನು ಕೊಟ್ಟೋಳು ಸ್ಟಾರ್ ಆಗ್ತಾಳೆ, ಆರು ತಿಂಗಳು ಕೂತು ಮಾಡಿದ ಕೆಲ್ಸಕ್ಕೆ ಮಾತ್ರ ಯೆಸ್ ದಟ್ಸ್ ಪ್ರಿಟಿ ಗುಡ್ ದಟ್. ಐರ್ಲೆಂಡಲ್ಲಿ ಗ್ರ್ಯಾಂಡ್ ಅಂದ್ರೆ ಅರಮನೆ ಲೆವೆಲ್ಲಲ್ಲ, ಬರೀ ಸರಿ ಆಯ್ತು ಬಿಡಿ ಅಂತ, ಅಲ್ಲಿ ನಿಜವಾಗಿ ಮೆಚ್ಚಿದ್ರೆ ಡೆಡ್ಲಿ ಅಂತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಲ್ಲೂ ಡೆಡ್ಲಿ ಅಂದ್ರೆ ಅದ್ಭುತ, 1995ರಿಂದ 2013ರ ತನಕ ಅವರ ಕಲಾವಿದರಿಗೆ ಆಟಗಾರರಿಗೆ ಕೊಡ್ತಿದ್ದ ಪ್ರಶಸ್ತಿಗೆ ಡೆಡ್ಲೀಸ್ ಅಂತಲೇ ಹೆಸರಿತ್ತು. ಇಂಗ್ಲೆಂಡಿನ ಈಶಾನ್ಯ ಮೂಲೇಲಿ ಕ್ಯಾನಿ ಅಂದ್ರೆ ಒಳ್ಳೇದು, ಬೇರೆ ಕಡೆ ಅದೇ ಪದಕ್ಕೆ ಚಾಲಾಕಿ ಅಂತ ಅರ್ಥ. ಬಾಸ್ಟನ್ ಕಡೆ ವಿಕೆಡ್ ಅಂದ್ರೆ ಬರೀ ತುಂಬಾ ಅಂತ, ವಿಕೆಡ್ ಸ್ಮಾರ್ಟ್, ವಿಕೆಡ್ ಕೋಲ್ಡ್.

ಹಾಗಾಗಿ ಪದ ತೂಗ್ಬೇಡಿ, ಮನುಷ್ಯರನ್ನ ತೂಗಿ. ಅದೇ ಮನುಷ್ಯ ದಿನನಿತ್ಯದ ಸಣ್ಣಪುಟ್ಟದಕ್ಕೆ ಏನಂತಾನೆ ಅಂತ ಕೇಳಿಸ್ಕೊಳ್ಳಿ, ಪ್ರಿಂಟರ್ ಸರಿಹೋದ್ರೂ ಬ್ರಿಲಿಯಂಟ್ ಅನ್ನೋನು ನಿಮಗೂ ಬ್ರಿಲಿಯಂಟ್ ಅಂದ್ರೆ ಅದು ಬರೀ ಸರಿ ಅಂತ. ಆಮೇಲೆ ಮಾತು ಆದ್ಮೇಲೆ ಏನಾಗುತ್ತೆ ಅಂತ ನೋಡಿ. ನಾಟ್ ಬ್ಯಾಡ್ ಅಂದೋನು ನಾಳೆ ಇನ್ನೊಂದು ಕಷ್ಟದ ಕೆಲ್ಸ ನಿಮ್ಮ ಟೇಬಲ್ಲಿಗೇ ತಂದ್ರೆ, ಅಥವಾ ನಿಮ್ಮ ಮೇಲ್ ಮೇಲಿನೋರಿಗೆ ಫಾರ್ವರ್ಡ್ ಮಾಡಿದ್ರೆ, ನೂರಕ್ಕೆ ತೊಂಬತ್ತು ಬಂತು ಅಂತ ತಿಳ್ಕೊಳ್ಳಿ. ಫೆಂಟಾಸ್ಟಿಕ್ ವರ್ಕ್ ಅಂದು ಮುಂದಿನ ಪ್ರಾಜೆಕ್ಟು ಬೇರೆಯೋರಿಗೆ ಕೊಟ್ರೆ ಅದೂ ಒಂದು ಉತ್ತರಾನೇ.

ವ್ಯಂಗ್ಯದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಾಫಿ ಚೆಲ್ಲಿದೋನಿಗೆ ನೈಸ್ ಒನ್, ವೆಲ್ ಡನ್ ಜೀನಿಯಸ್ ಅಂತಾರೆ, ನಾವು ಘನಂದಾರಿ ಕೆಲ್ಸ ಮಾಡ್ದೆ ಮಹಾನುಭಾವ ಅಂತೀವಿ, ಇದು ಯಾರಿಗೂ ಕಲಿಸ್ಬೇಕಾಗಿಲ್ಲ. ಅಮೆರಿಕದ ದಕ್ಷಿಣದೋರು ಸಿಹಿಯಾಗಿ ಬ್ಲೆಸ್ ಯುವರ್ ಹಾರ್ಟ್ ಅಂದ್ರೆ ಮಾತ್ರ ಹುಷಾರು, ಎಷ್ಟೋ ಸಲ ಅದು ಪೆದ್ದು ಮುಂಡೇದು ಪಾಪ ಅಂತ.

ಕೊನೇದಾಗಿ ಉತ್ತರ ಏನ್ ಕೊಡೋದು ಅಂತ, ಯಾಕಂದ್ರೆ ಅರ್ಥ ಆದ್ಮೇಲೂ ನಮ್ಮೋರು ತಡವರಿಸೋದು ಇಲ್ಲೇ. ನಮಗೆ ಹೊಗಳಿದ ತಕ್ಷಣ ಅಯ್ಯೋ ಅದೇನ್ ಮಹಾ, ಏನೋ ಹಂಗೇ ಆಗೋಯ್ತು, ಎಲ್ಲಾ ನಿಮ್ಮ ಆಶೀರ್ವಾದ ಅಂತ ವಾಪಸ್ ತಳ್ಳೋದು ರಕ್ತದಲ್ಲೇ ಇದೆ. ಕನ್ನಡದಲ್ಲಿ ಅದು ಸೊಗಸು, ಎದುರಿನೋರು ಇಲ್ಲ ಇಲ್ಲ ನಿಜವಾಗ್ಲೂ ಅಂತ ಇನ್ನೊಂದು ಸಲ ಹೊಗಳ್ತಾರೆ, ಆಟ ಮುಂದುವರಿಯುತ್ತೆ. ಅಮೆರಿಕನ್ನರ ಮುಂದೆ ಹಂಗೆ ಮಾಡಿದ್ರೆ ಅವರು ನಂಬಿಬಿಡ್ತಾರೆ, ಓ ಹೌದಾ ಇವನೇನೂ ಮಾಡಿಲ್ವಂತೆ ಅಂತ. ಅಲ್ಲಿ ಥ್ಯಾಂಕ್ಸ್, ಕಷ್ಟಪಟ್ಟು ಮಾಡಿದ್ದೆ ಅನ್ನೋದೇ ಸರಿ, ಜಂಬ ಅಂತ ಯಾರೂ ಅಂದ್ಕೊಳಲ್ಲ. ಬ್ರಿಟಿಷರ ನಾಟ್ ಬ್ಯಾಡಿಗೆ ಥ್ಯಾಂಕ್ ಯೂ ಸೋ ಮಚ್ ಸರ್ ಇಟ್ ಮೀನ್ಸ್ ಎ ಲಾಟ್ ಅಂತ ಶುರು ಮಾಡಿದ್ರೆ ಹೊಗಳಿದೋನೇ ಮುಜುಗರದಿಂದ ಕಿಟಕಿ ಕಡೆ ನೋಡ್ತಾನೆ. ಚಿಯರ್ಸ್ ಅಂದ್ರೆ ಸಾಕು. ಅವನು ತಲೆ ಆಡಿಸ್ತಾನೆ, ನೀವೂ ಆಡಿಸಿ, ಆಮೇಲೆ ಮಳೆ ಬಗ್ಗೆ ಮಾತಾಡಿ.